ಮುದ್ದಣ್ಣನವರ ಕುರ್ಚಿ

ನಮ್ಮ ಪಕ್ಕದ ಮನೆಯ ಭುಜಂಗರಾಯರನ್ನು ಜಿಪುಣ ಎನ್ನುವಂತಿಲ್ಲ. ಹಾಗೆಂದರೆ ಅವರಿಗೆ ಸಿಟ್ಟು ಬರುತ್ತದೆ. ತಾವು ಹಿತಮಿತದ ಮನುಷ್ಯ ಎಂದು ಅವರೇ ಹೇಳಿಕೊಳ್ಳುತ್ತಾರೆ. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿನ ಬೆನ್ನಿಗೆ ಅಂಟಿಸುವುದು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುವುದು, ಇವೆಲ್ಲ ಅವರ ಪಾಲಿಗೆ ದೇವರ ಪೂಜೆ ಇದ್ದ ಹಾಗೆ. ಕೊನೆಗೆ ತಮ್ಮ ಹೆಸರನ್ನೂ ಅವರು ಪೂರ್ತಿ ಖರ್ಚು ಮಾಡುವುದಿಲ್ಲ. ಈ ನಾಸಿಕದ ಕಡೆ ಯಾವ ಅರ್ಜಿ ಹಿಡಿದರೂ ಹೆಸರಿಗೆ ಮೂರು ಮನೆ ಇರುತ್ತವೆ: ನಿಮ್ಮದು ಒಂದು, ಅಪ್ಪನದೋ ಗಂಡನದೋ ಒಂದು, ಅಡ್ಡಹೆಸರು ಒಂದು. ರಾಯರು ಮೊದಲ ಮನೆಯಲ್ಲಿ 'ಭುಜಂಗ' ಎಂದು ಬರೆದು ಉಳಿದೆರಡಕ್ಕೆ ಗೀಟು ಎಳೆಯುತ್ತಾರೆ. ಗ್ಯಾಸ್ ಏಜೆನ್ಸಿಯ ಹುಡುಗಿ "ಪೂರ್ಣ್ ನಾವ್ ಲಿಹಾ ನಾ, ಕಾಕಾ" ಎಂದು ಪೂರ್ತಿ ಹೆಸರು ಕೇಳಿದರೆ, "ಕೊಡೂದು ಒಂದ ಸಿಲಿಂಡರ್, ಹೆಸರು ಮೂರ್ಯಾಕ?" ಎಂದು ಅಚ್ಚ ಬಾಗಲಕೋಟೆ ಕನ್ನಡದಲ್ಲಿ ದಬಾಯಿಸುತ್ತಾರೆ. ಅವಳಿಗೆ ಅರ್ಥವಾಗದೆ ಸಿಲಿಂಡರ್ ಕೊಟ್ಟುಬಿಡುತ್ತಾಳೆ.

ನಾನು ವಾರಿಜಾಕ್ಷಿ. ಊರು ಉಡುಪಿ ಕಡೆ. ನನ್ನ ಗಂಡನೂ ರಾಯರೂ ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಒಂದೇ ವಿಭಾಗದವರು. ನನಗೆ ಬೇರೆ ಕಾಯಿಲೆ ಏನೂ ಇಲ್ಲ, ಕುತೂಹಲ ಒಂದನ್ನು ಬಿಟ್ಟು. ರಾಯರ ಮನೆಯ ಕಿಟಕಿಗೂ ನನ್ನ ಅಡುಗೆಮನೆಯ ಕಿಟಕಿಗೂ ನಡುವೆ ಒಂದು ನುಗ್ಗೆಮರ ಮಾತ್ರ ಇದೆ. ಆದ್ದರಿಂದ ಈ ಕಥೆಯಲ್ಲಿ ನಾನು ಕೇಳಿಸಿಕೊಂಡದ್ದೇ ಹೆಚ್ಚು, ಊಹಿಸಿದ್ದು ಕಡಿಮೆ.

ನೋಟು ರದ್ದಾದ ವರ್ಷದ ಬೇಸಿಗೆ ಅದು. ರಾಯರ ಮಗಳು ಚೈತನ್ಯಾಳಿಗೆ ಔರಂಗಾಬಾದಿನ ಸಂಬಂಧ ಒದಗಿತ್ತು. ಹುಡುಗ ನಿಖಿಲ, ಎಂಜಿನಿಯರು, ಬಿಡಕಿನ್ ಕಡೆ ಹೊಸ ಕಾರ್ಖಾನೆಗಳ ಕೆಲಸದಲ್ಲಿದ್ದವನು. ಹುಡುಗ ಹುಡುಗಿ ಆಗಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಾಗಿತ್ತು. ಅವನ ಅಪ್ಪ ಮನೋಜ, ಅಮ್ಮ ವಂದನಾ ಇಬ್ಬರೂ ಒಪ್ಪಿದ್ದರು. ಉಳಿದದ್ದು ಒಬ್ಬರೇ, ನಿಖಿಲನ ಅಜ್ಜಿ ರೇಣವ್ವ. ಆ ಹಂಚಿನಾಳ ಮನೆತನದಲ್ಲಿ ಆಕೆಯ ಮಾತಿಲ್ಲದೆ ಹಾಲೂ ಉಕ್ಕುವುದಿಲ್ಲ ಎಂದು ಕೇಳಿದ್ದೆವು. ಹಿಂದೆ ಒಂದು ಹುಡುಗಿಯ ಮನೆಯಲ್ಲಿ ಮಜ್ಜಿಗೆ ಎಡಗೈಯಲ್ಲಿ ಕೊಟ್ಟರೆಂದು ಎದ್ದು ಬಂದವರಂತೆ. "ಊಟದ ದಿವಸ ಹೇಳ್ತೀನಿ" ಎಂದು ಈ ಸಲ ಇಷ್ಟೇ ಹೇಳಿ ಕಳಿಸಿದ್ದರು.

ಊಟ ಎಲ್ಲಿ? ನನ್ನ ತಮ್ಮ ಜಯಕರನ ಹೋಟೆಲಿನಲ್ಲಿ. ನಾಸಿಕ್ ರೋಡ್ ಸ್ಟೇಷನ್ನಿನ ಎದುರಿಗೇ ಇದೆ, ಮಹಡಿಯ ಮೇಲೆ ಹಾಲ್ ಇದೆ. ಬೀಗರು ಮನ್ಮಾಡ್ ಮೇಲಿಂದ ರೈಲಿನಲ್ಲಿ ಬಂದು, ಉಂಡು, ಮತ್ತೆ ರೈಲಿನಲ್ಲೇ ಹೋಗಬಹುದು. ಅಲ್ಲಿಗೆ ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ರಾಯರ ತಲೆಯೊಳಗೆ ಒಂದು ಹುಳ ಹೊಕ್ಕಿತು.

ಕಾರ್ಖಾನೆಗೆ ದೊಡ್ಡ ಅಧಿಕಾರಿಗಳು ಬಂದಾಗ ಊಟದ ಕುರ್ಚಿಗಳಿಗೆ ಒಬ್ಬೊಬ್ಬರ ಹೆಸರಿನ ಕಾರ್ಡು ಅಂಟಿಸುವುದನ್ನು ಅವರು ನೋಡಿದ್ದರು. ಬೀಗರಿಗೂ ಹಾಗೆಯೇ ಆಗಬೇಕು!

"ಹೆಣ್ಣು ತೋರಸ್ತೀರೋ, ಮೀಟಿಂಗ್ ಮಾಡ್ತೀರೋ?" ಎಂದು ಹೆಂಡತಿ ಪ್ರೇಮಾ ಕೇಳಿದರು.

"ನಿನಗ ತಿಳಿಯಾಂಗಿಲ್ಲ ಬಿಡು. ಇದಕ್ಕ ಸ್ಟ್ಯಾಂಡರ್ಡ್ ಅಂತಾರ."

ಕಾರ್ಡು ಬರೆಯುವವರಿಗೆ ಕೊಟ್ಟರೆ ದುಡ್ಡು. ರಾಯರ ಮನೆಯಲ್ಲಿ ಕಾರ್ಖಾನೆಯವರು ಹರಾಜಿಗೆ ಹಾಕಿದ್ದ ಒಂದು ಹಳೆಯ ಕಂಪ್ಯೂಟರಿತ್ತು. ಅದರಲ್ಲಿ ಲಿನಕ್ಸ್ ಹಾಕಿಕೊಂಡಿದ್ದರು. ಯಾಕೆಂದು ನಾನು ಕೇಳಿದಾಗ "ಪುಕ್ಕಟೆರಿ" ಎಂದಿದ್ದರು. ಅದರಲ್ಲಿ ಚಿತ್ರ ಗಿತ್ರ ಇಲ್ಲದ ಒಂದು ಕರಿಯ ಪರದೆ. ಅದಕ್ಕೆ ಶೆಲ್ ಎಂದು ಹೆಸರು. ಅಕ್ಷರದಲ್ಲಿ ಆಜ್ಞೆ ಕೊಟ್ಟರೆ ಅಕ್ಷರದಲ್ಲೇ ಉತ್ತರ ಕೊಡುತ್ತದೆ. ಕಾರ್ಖಾನೆಯ ಗ್ರಂಥಾಲಯದಿಂದ ತಂದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ರಾಯರು ಅದರ ಮುಂದೆ ತಪಸ್ಸಿಗೆ ಕೂತರು.

ಒಂದು ಬೆಳಿಗ್ಗೆ ಪ್ರೇಮಾ ಕಿಟಕಿಯಿಂದ ಕೂಗಿದರು. "ವಾರಿಜಕ್ಕಾ, ಜರಾ ಬರ್ರಿ. ನಮ್ಮವರು ಹಾಳೀ ತುಂಬಾ ಡಾಲರ್ ಛಾಪಸಾಕ ಹತ್ಯಾರ!"

ಒಗ್ಗರಣೆ ಅರ್ಧಕ್ಕೆ ಬಿಟ್ಟು ಓಡಿದೆ. ನಿಜ. ಕಾಗದದ ಮೇಲೆ ಐದು ಕಾರ್ಡು, ಐದರಲ್ಲೂ ಒಂದೇ ಬರಹ: $NAME.

"ಇದೆಂತದು ರಾಯರೇ? ಅಮೆರಿಕದವರು ಯಾರಾದ್ರೂ ಊಟಕ್ಕೆ ಬರ್ತಾರಾ?"

"ಇದು ಟ್ರಯಲ್‌ರಿ, ಅಕ್ಕಾರ" ಎಂದು ರಾಯರು ಕನ್ನಡಕ ಏರಿಸಿದರು. "NAME ಅನ್ನೂದು ಒಂದು ಡಬ್ಬಿ ಅಂತ ತಿಳ್ಕೋರಿ. ಅದರಾಗ ಒಂದೊಂದ ಹೆಸರು ಹಾಕ್ತೀನಿ. ಮುಂದ ಡಾಲರ್ ಗುರ್ತು ಹಚ್ಚಿದ್ರ, ಡಬ್ಬಿ ತಗದು ಒಳಗಿಂದು ಕೊಡು ಅಂತ ಅರ್ಥ."

"ಮತ್ತೆ ಕೊಡಲಿಲ್ಲವಲ್ಲ?"

"ಕೊಟ್ಟದ. ಡಬ್ಬಿ ಮ್ಯಾಲಿನ ಚೀಟಿ ಹರಿದು ಕೊಟ್ಟದ."

ನನಗೆ ತಡೆಯಲಾಗಲಿಲ್ಲ. ಪುಸ್ತಕ ಕಸಿದುಕೊಂಡು ನೋಡಿದೆ. ಪತ್ರಿಕೆಯಲ್ಲಿ ಯಾರೋ ಹೇಳಿದ ಮಾತಿನ ಹಿಂದೆ ಮುಂದೆ ಹಾಕುತ್ತಾರಲ್ಲ, ಆ ಉದ್ಧರಣ ಚಿಹ್ನೆ ಪುಸ್ತಕದಲ್ಲಿ $NAME ಎಂಬುದರ ಎರಡೂ ಕಡೆ ಜೋಡಿ ಜೋಡಿಯಾಗಿ ನಿಂತಿತ್ತು. ರಾಯರ ಪರದೆಯಲ್ಲಿ ಎರಡೂ ಕಡೆ ಒಂಟಿ ಚಿಹ್ನೆ.

"ಇಲ್ಲಿ ಎರಡೆರಡು ಉಂಟು. ನೀವು ಒಂದೊಂದೇ ಹಾಕಿದ್ದೀರಿ."

"ಒಂದರಾಗ ಆಗೂ ಕೆಲಸಕ್ಕ ಎರಡ್ಯಾಕ್ರಿ? ಬರದಾಂವ ಶ್ರೀಮಂತ ಇರಬೇಕು."

"ಒಂದರಲ್ಲಿ ಆಗಲಿಲ್ಲವಲ್ಲ!"

ರಾಯರು ಯೋಚಿಸಿದರು. ಒಂಟಿ ಚಿಹ್ನೆ ಹಾಕಿದರೆ ಶೆಲ್ ಅದನ್ನು ಬೀಗಮುದ್ರೆ ಎಂದು ತಿಳಿದು ಡಬ್ಬಿ ಮುಟ್ಟುವುದೇ ಇಲ್ಲ ಎಂದು ಅವರಿಗೆ ಹೊಳೆಯಿತು. ಹಾಗಾದರೆ ಜೋಡಿ ಹಾಕಿದರೆ ಎರಡು ಬೀಗ ಹಾಕಿದ ಹಾಗಾಯಿತು, ಇನ್ನೂ ಗಟ್ಟಿ. ಎಂಥ ತರ್ಕ! ನನಗೂ ಆ ಹೊತ್ತಿಗೆ ಸರಿ ಎನಿಸಿತು. ಅವರು ಚಿಹ್ನೆಗಳನ್ನೇ ಅಳಿಸಿಬಿಟ್ಟರು. ಭುಜಂಗ ಎಂದು ಒಂದು ಕಾರ್ಡು ಬಂತು. ಪ್ರೇಮಾ, ಚೈತನ್ಯಾ, ವಾರಿಜಾಕ್ಷಿ, ಜಯಕರ, ಎಲ್ಲರದೂ ಒಂದೊಂದು ಕಾರ್ಡು, ಮುತ್ತು ಪೋಣಿಸಿದ ಹಾಗೆ.

"ನೋಡಿದ್ರಿಲ್ಲೋ? ಒಂದೂ ಬ್ಯಾಡ, ಎರಡೂ ಬ್ಯಾಡ!" ಎಂದು ರಾಯರು ಕುರ್ಚಿಯಲ್ಲೇ ಕುಣಿದರು. ಸಾಕಷ್ಟು ಪರೀಕ್ಷೆ ಆಯಿತು, ಇನ್ನು ಕಾಗದ ದಂಡ ಎಂದು ಪ್ರಿಂಟರ್ ಆರಿಸಿದರು.

ಬೀಗರ ಕಡೆಯ ಹೆಸರುಗಳನ್ನು ನಿಖಿಲ ಇ-ಮೇಲಿನಲ್ಲಿ ಕಳಿಸಿದ. ರಾಯರು ಅವನ್ನು ಇದ್ದ ಹಾಗೆಯೇ ಶೆಲ್ಲಿಗೆ ಉಣಿಸಿ, ಬಂದದ್ದನ್ನು ತೆರೆದೂ ನೋಡದೆ ಪೆನ್‌ಡ್ರೈವಿಗೆ ತುಂಬಿ ನಾಸಿಕ್ ರೋಡಿನ ಲಾಲಸಾಬನ ಝೆರಾಕ್ಸ್ ಅಂಗಡಿಗೆ ಕೊಟ್ಟರು. ಅವನು ಛಾಪಿಸಿ, ಕತ್ತರಿಸಿ, ನೇರ ಹೋಟೆಲಿಗೆ ಮುಟ್ಟಿಸಬೇಕು. ಕಾರ್ಡು ಎಷ್ಟೋ ಅಷ್ಟು ಕುರ್ಚಿ, ಅಷ್ಟು ಎಲೆ, ಕಾರ್ಡಿನ ಕುರ್ಚಿಗಳೆಲ್ಲ ತುಂಬಿದ ಮೇಲೆಯೇ ಬಡಿಸಬೇಕು ಎಂದು ಜಯಕರನಿಗೆ ತಾಕೀತು ಮಾಡಿದರು. ಬೇರೆ ಲೆಕ್ಕ ಹೇಳಿ ಫೋನು ಖರ್ಚು ಯಾಕೆ?

ಲಾಲಸಾಬ ಫೋನ್ ಮಾಡಿದ. "ಸಾಹೇಬ್ರ, ಭಾಳ ಮಂದಿ ಅದಾರಲ್ರೀ ನಿಮ್ಮ ಬೀಗರು?"

"ದೊಡ್ಡ ಮನೆತನಪಾ" ಎಂದರು ರಾಯರು ಹೆಮ್ಮೆಯಿಂದ.

ಆಮೇಲೆ ಜಯಕರ ನನಗೆ ಫೋನ್ ಮಾಡಿದ. "ಅಕ್ಕಾ, ನಿನ್ನ ನೆರೆಯವರು ಹುಡುಗಿ ತೋರಿಸುವುದಾ ಅಲ್ಲ ಮದುವೆಯನ್ನೇ ಮುಗಿಸುವುದಾ? ಪಕ್ಕದ ಲಾಡ್ಜಿನಿಂದ ಕುರ್ಚಿ ತರಿಸ್ತಾ ಇದ್ದೇನೆ ಮಾರಾಯ್ತಿ."

"ದೊಡ್ಡ ಮನೆತನವಂತೆ" ಎಂದೆ ನಾನೂ. ಕೇಳಿದ ಮಾತನ್ನು ದಾಟಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಆ ಭಾನುವಾರ ಮಹಡಿಯ ಹಾಲಿಗೆ ಕಾಲಿಟ್ಟವಳು ನಾನು ಅಲ್ಲೇ ನಿಂತೆ. ಕುರ್ಚಿಗಳು ಗೋಡೆಗೆ ಆನಿಕೊಂಡು, ಕೈತೊಳೆಯುವ ಬೇಸಿನ್ನಿನ ಸುತ್ತ ತಿರುಗಿ, ಮೆಟ್ಟಿಲವರೆಗೆ ಬಂದಿದ್ದವು. ಒಂದೊಂದರ ಬೆನ್ನಿಗೂ ಕಾರ್ಡು. ಒಂದೊಂದರ ಮುಂದೂ ಬಾಳೆಲೆ. ಜಯಕರನ ಹುಡುಗರು ಕಾರ್ಡುಗಳನ್ನು ಕಟ್ಟಿನಲ್ಲಿದ್ದ ಕ್ರಮದಲ್ಲೇ ಅಂಟಿಸಿದ್ದರು.

ರಾಯರು ಸ್ಟೇಷನ್ನಿಗೆ ಹೋಗಿ ಬೀಗರನ್ನು ಕರೆದುಕೊಂಡು ಬಂದರು. ಎಲ್ಲ ಸೇರಿ ಒಂದು ಟೆಂಪೋ ತುಂಬುವಷ್ಟು ಜನ. ಆ ಹಾಲಿನಲ್ಲಿ ಅವರು ಕೂತರೆ ದೊಡ್ಡ ಬುಟ್ಟಿಯ ತಳದಲ್ಲಿ ನಾಲ್ಕು ಬದನೆಕಾಯಿ ಇಟ್ಟ ಹಾಗೆ ಕಂಡಿತು. ಮುಂದೆ ರೇಣವ್ವ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಕೋಲು. ಆಕೆ ಯಾವುದನ್ನೂ ಅವಸರದಲ್ಲಿ ನೋಡುವವರಲ್ಲ. ಕುರ್ಚಿಗಳ ಕಡೆ ನೋಡಿದರು, ಎಲೆಗಳ ಕಡೆ ನೋಡಿದರು, ತಮ್ಮ ಕುರ್ಚಿ ಯಾವುದೆಂದು ಕೇಳಿ ಕೂತರು.

ನಿಖಿಲನ ಅಪ್ಪ ಮನೋಜನಿಗೆ ಮೊದಲ ಕಷ್ಟ ಬಂತು. ಅವರ ಹೆಸರು ಮೂರು ಕುರ್ಚಿಗಳ ಮೇಲಿತ್ತು! ಒಂದು ಹೆಂಡತಿ ವಂದನಾಳ ಪಕ್ಕ, ಒಂದು ಮಗನ ಪಕ್ಕ, ಒಂದು ಬೇಸಿನ್ನಿನ ಹತ್ತಿರ ಒಂಟಿಯಾಗಿ. ಅವರು ಒಂದರಲ್ಲಿ ಕೂತರೆ ಹೋಟೆಲಿನ ಹುಡುಗ ಬಂದು ಇನ್ನೆರಡನ್ನು ತೋರಿಸುತ್ತಿದ್ದ. 'ಹಂಚಿನಾಳ' ಎಂಬ ಕಾರ್ಡಂತೂ ಎಲ್ಲಿ ನೋಡಿದರೂ ಇತ್ತು, ಅವುಗಳ ಮೇಲೆ ಯಾರೂ ಇರಲಿಲ್ಲ.

ಬಡಿಸುವವರು ಬಕೆಟ್ ಹಿಡಿದು ನಿಂತರು. ಜಯಕರ ಕೈ ಅಡ್ಡ ಹಿಡಿದ. "ತಡೀರಿ, ಇನ್ನೂ ಜನ ಬರಲಿಕ್ಕುಂಟು."

ಎಲ್ಲರೂ ಕಾದರು. ಹೋಳಿಗೆಯ ವಾಸನೆ ಹಾಲಿನ ತುಂಬ ಓಡಾಡುತ್ತಿತ್ತು. ಕೊನೆಗೆ ಮನೋಜ ರಾಯರ ಕಿವಿಯ ಹತ್ತಿರ ಬಂದರು.

"ಇನ್ನೂ ಯಾರು ಬರಾವ್ರು ಅದಾರ್ರಿ?"

"ನೀವ ಹೇಳ್ಬೇಕ್ರಿ. ಮನ್ಮಾಡ್‌ನಾಗ ಗಾಡಿ ತಪ್ಪಿಸಿಕೊಂಡ್ರೇನು?"

"ನಮ್ಮವರು ಎಲ್ಲಾ ಬಂದೀವಲ್ರಿ! ನಿಮ್ಮ ಕಡೆಯವ್ರು?"

"ನಮ್ಮವರೂ ಎಲ್ಲಾ ಅದಾರ್ರಿ."

ಇಬ್ಬರೂ ಖಾಲಿ ಕುರ್ಚಿಗಳನ್ನು ನೋಡಿದರು. ಮರ್ಯಾದಸ್ಥರು ನೋಡಿ, ಮುಂದೆ ಕೇಳುವುದಕ್ಕೆ ಇಬ್ಬರಿಗೂ ಸಂಕೋಚ. ಇನ್ನಷ್ಟು ಹೊತ್ತು ಕಾದರು.

ಆಗ ರೇಣವ್ವ ತಮ್ಮ ಪಕ್ಕದ ಖಾಲಿ ಕುರ್ಚಿಗೆ ಕೋಲು ತಾಗಿಸಿದರು. ಕಾರ್ಡುಗಳೆಲ್ಲ ಇಂಗ್ಲಿಷಿನಲ್ಲಿದ್ದವು. "ನಿಖಿಲಾ, ಇದರ ಮ್ಯಾಲ ಏನ್ ಬರದದ, ಓದಪಾ."

ನಿಖಿಲ ಬಗ್ಗಿ ಓದಿದ. ಓದಿದವನು ನೆಟ್ಟಗಾಗಿ ಅಪ್ಪನ ಮುಖ ನೋಡಿದ.

"ಓದು ಅಂದೆ."

"ಮುದ್ದಣ್ಣ ಅಂತ ಅದ, ಆಜೀ."

ನಾನು ಪಕ್ಕದವರನ್ನು ಕೇಳಿ ತಿಳಿದುಕೊಂಡೆ. ಮುದ್ದಣ್ಣನವರು ರೇಣವ್ವನ ಗಂಡ, ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಕುರ್ಚಿಯ ಮುಂದೆ ಎಲೆ ಹಾಸಿತ್ತು, ನೀರು ಚಿಮುಕಿಸಿತ್ತು, ತುದಿಗೆ ಉಪ್ಪೂ ಬಿದ್ದಿತ್ತು. ಬೇಸಿನ್ನಿನ ಹತ್ತಿರ ಮನೋಜನ ಕುರ್ಚಿಯ ಪಕ್ಕದಲ್ಲಿ ಇನ್ನೊಬ್ಬ ಮುದ್ದಣ್ಣನವರಿದ್ದರು, ಅವರಿಗೂ ಎಲೆ ಹಾಕಿತ್ತು.

ವಂದನಾ ಎದ್ದು ನಿಂತರು. "ಹೇ ಕಾಯ್ ಆಹೇ? ಹುಡುಗಿ ನೋಡಾಕ ಕರದು ನಮ್ಮ ಮಾಮಂಜಿಗೆ ಎಡಿ ಇಟ್ಟಾರಲ್ಲ! ಸತ್ತವರಿಗೆ ಎಡಿ ಇಡೂ ದಿವಸ ಏನ್ರಿ ಇವತ್ತು? ಚಲಾ, ಆಯೀ, ಏಳ್ರಿ."

ಪ್ರೇಮಾ ನನ್ನ ಕೈ ಹಿಡಿದುಕೊಂಡರು. ಚೈತನ್ಯಾ ಬಾಗಿಲಲ್ಲಿ ಪಾನಕದ ತಟ್ಟೆ ಹಿಡಿದು ನಿಂತಿದ್ದವಳು ನಿಖಿಲನನ್ನೇ ನೋಡುತ್ತಿದ್ದಳು.

ರಾಯರು ಎದ್ದು ಕೈಮುಗಿದರು. "ನಾ ಇಟ್ಟಿಲ್ರಿ ಅವ್ವಾರ. ಮಷೀನ ಹೆಸರು ಮುರೀತು."

"ಮಷೀನಿಗೆ ನಮ್ಮ ಮಾವನ ಹೆಸರು ಹ್ಯಾಂಗ್ ಗೊತ್ತು?" ಎಂದು ವಂದನಾ ಏರು ದನಿಯಲ್ಲಿ ಕೇಳಿದರು.

"ಕುಂಡ್ರ, ವಂದನಾ" ಎಂದರು ರೇಣವ್ವ. ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ಕಾಯಿಲೆ ನನಗೆ ಗೊತ್ತಾಗದೆ ಇರುತ್ತದೆಯೇ? ಆ ಮುದುಕಿಯ ಮುಖದಲ್ಲಿ ಇದ್ದದ್ದು ಶುದ್ಧ ಕುತೂಹಲ. "ಮುರೀತು ಅಂದ್ರಲ್ಲ. ಹ್ಯಾಂಗ ಮುರೀತು? ನನಗ ಸಾವಕಾಶ ತಿಳಿಸಿ ಹೇಳ್ರಿ."

ರಾಯರು ಡಬ್ಬಿಯ ಕಥೆ ಶುರುಮಾಡಿದರು. ಬೆವರು ಒರೆಸಿಕೊಳ್ಳುತ್ತ ಒಂಟಿ ಚಿಹ್ನೆಯ ತನಕ ಬಂದರು. ರೇಣವ್ವ ನಡುವೆ ಬಾಯಿ ಹಾಕಿದರು.

"ಒಂದೊಂದು ಗೀಟು ಹಚ್ಚಿದ್ರ ಡಬ್ಬಿ ತಗೀಲಿಲ್ಲ. ಸರಿ. ಗೀಟು ತಗದ್ರ?"

"ತಗೀತ್ರಿ. ನಂದೊಂದು ಹೆಸರು ಬರೊಬ್ಬರಿ ಬಂತು."

"ನಿಮ್ಮ ಹೆಸರು ಒಂದ ತುಂಡು. ನಂದು ರೇಣವ್ವ ಮುದ್ದಣ್ಣ ಹಂಚಿನಾಳ. ಮೂರು ತುಂಡು."

ಗ್ಯಾಸ್ ಏಜೆನ್ಸಿಯ ಮೂರು ಮನೆಗಳು ರಾಯರ ಕಣ್ಣ ಮುಂದೆ ಬಂದಿರಬೇಕು. "ಹೌದಲ್ರಿ ಅವ್ವಾರ! ಡಬ್ಬಿ ತಗದು, ಒಳಗಿಂದು ಕೊಡೂ ಮುಂದ, ನಡುವ ಜಾಗಾ ಇದ್ದಲ್ಲೆಲ್ಲಾ ಕತ್ತರಿಸಿ ಬ್ಯಾರೆ ಬ್ಯಾರೆ ಮಾಡಿ ಕೊಟ್ಟದ!"

"ಹಂಗಾರ ಎರಡೆರಡು ಗೀಟು ಹಚ್ಚಿ ನೋಡಿದ್ರಿ?"

"ಇಲ್ರಿ."

"ಯಾಕ?"

ರಾಯರು ನೆಲ ನೋಡಿದರು. "ದುಂದು ಅನಸ್ತ್ರಿ."

ರೇಣವ್ವ ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದರು. ಬೇಸಿನ್ನು, ಮೆಟ್ಟಿಲು, ಸಾಲು ಸಾಲು ಎಲೆ. "ಇಷ್ಟು ಎಲಿ ಹಾಸೀರಿ. ಎರಡು ಗೀಟಿಗೆ ದುಂದು ನೋಡಿದ್ರಿ!"

ಮೊದಲು ನಕ್ಕವನು ಜಯಕರ. ಬೀಗರ ಎದುರು ನಗಬಾರದೆಂದು ಅಡುಗೆಮನೆಗೆ ಓಡಿಹೋಗಿ ಅಲ್ಲಿ ನಕ್ಕ, ಎಲ್ಲರಿಗೂ ಕೇಳಿಸಿತು. ನಿಖಿಲನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತು, ಅದರಲ್ಲೂ ಅದೇ ಕರಿಯ ಪರದೆ. "ತೋರಿಸು ನೋಡೂಣು" ಎಂದು ಅಜ್ಜಿ ಅಪ್ಪಣೆ ಮಾಡಿದರು. ಬಾಳೆಲೆ ಸರಿಸಿ ಲ್ಯಾಪ್‌ಟಾಪ್ ಇಟ್ಟರು. ಹೆಣ್ಣು ನೋಡಲು ಬಂದವರೆಲ್ಲ ಕತ್ತು ಚಾಚಿ ಅದನ್ನು ನೋಡತೊಡಗಿದರು. ಚೈತನ್ಯಾ ತಟ್ಟೆ ಕೆಳಗಿಟ್ಟು ನಿಖಿಲನ ಭುಜದ ಹಿಂದೆ ಬಂದು ನಿಂತಳು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಒಂಟಿ ಚಿಹ್ನೆ ಹಾಕಿದ. ಡಾಲರ್ ಸಮೇತ ಚೀಟಿ ಬಂತು. ಚಿಹ್ನೆ ತೆಗೆದ. ರೇಣವ್ವ ಒಂದು ಸಾಲು, ಮುದ್ದಣ್ಣ ಒಂದು ಸಾಲು, ಹಂಚಿನಾಳ ಒಂದು ಸಾಲು. ರಾಯರು ತಾವೇ ಕೈ ಚಾಚಿ, ಮನಸ್ಸು ಗಟ್ಟಿ ಮಾಡಿಕೊಂಡು, ಈ ಕಡೆ ಒಂದು ಆ ಕಡೆ ಒಂದು ಜೋಡಿ ಚಿಹ್ನೆ ಒತ್ತಿದರು. ಮೂರೂ ಹೆಸರು ಒಂದೇ ಸಾಲಿನಲ್ಲಿ ಕೂಡಿಕೊಂಡು ಬಂದವು.

"ಮತ್ತೊಮ್ಮೆ" ಎಂದರು ರೇಣವ್ವ. ಮತ್ತೊಮ್ಮೆ ಮಾಡಿದರು. ಗೀಟಿಲ್ಲದೆ ಒಡೆಯುವುದು, ಜೋಡಿ ಗೀಟಿನಲ್ಲಿ ಕೂಡುವುದು, ಎರಡನ್ನೂ ಆಕೆ ಮನಸ್ಸಿಗೆ ತೃಪ್ತಿಯಾಗುವವರೆಗೆ ನೋಡಿದರು.

"ಡಬ್ಬಿನೂ ತಗೀತದ, ಒಳಗಿಂದು ಚೆಲ್ಲೂದೂ ಇಲ್ಲ. ಭಾರಿ ಅದ" ಎಂದು ಕುರ್ಚಿಗೆ ಒರಗಿದರು. ಪಕ್ಕದ ಖಾಲಿ ಕುರ್ಚಿಯ ಬೆನ್ನ ಮೇಲೆ ಕೈ ಹೋಯಿತು.

"ಅವರು ಹ್ವಾದ ಮ್ಯಾಲೂ ಎಲ್ಲಾ ಅರ್ಜಿಯೊಳಗ ನನ್ನ ಹೆಸರಿನ ನಡುವ ಅವರ ಹೆಸರು ಬರಸ್ಯಾರ. ಬ್ಯಾಂಕಿನವರು ಬರಸ್ಯಾರ, ರೇಶನ್ ಕಾರ್ಡಿನವರು ಬರಸ್ಯಾರ. ಒಬ್ಬರರ ಅವರಿಗೊಂದು ಕುರ್ಚಿ ಹಾಕಿದ್ರೇನು?"

ವಂದನಾ ಸೆರಗಿನಿಂದ ಕಣ್ಣು ಒತ್ತಿಕೊಂಡರು. ನಾನೂ ಒತ್ತಿಕೊಂಡೆ, ಸುಳ್ಳು ಯಾಕೆ ಹೇಳಲಿ.

ರೇಣವ್ವ ರಾಯರ ಕಡೆ ತಿರುಗಿದರು. "ಎಲಿ ಹಾಸಿದ ಮ್ಯಾಲ ಬರೆ ಬಿಡಬಾರದು. ಅವರ ಪಾಲಿಂದು ನೀವ ಉಣ್ರಿ. ಬರ್ರಿ, ಕೂಡ್ರಿ ಇಲ್ಲಿ, ಬೀಗರೆ."

ಆ ಕೊನೆಯ ಪದ ಕೇಳಿ ಪ್ರೇಮಾ ನನ್ನ ಕೈ ಬಿಟ್ಟರು. ಕೈಯಲ್ಲಿ ಅವರ ಬಳೆಯ ಗುರುತು ಮೂಡಿತ್ತು.

ರಾಯರು ಮುದ್ದಣ್ಣನವರ ಕುರ್ಚಿಯ ತುದಿಯಲ್ಲಿ ಕೂತರು. ಮುದ್ದಣ್ಣನವರು ಹೋಳಿಗೆಯ ವಿಷಯದಲ್ಲಿ ಎಂದೂ ಸಾಕು ಎಂದವರಲ್ಲವಂತೆ. ರೇಣವ್ವ ಬಡಿಸುವವನನ್ನು ಕರೆದು ಹಾಕಿಸಿದರು, ಮತ್ತೆ ಹಾಕಿಸಿದರು, ಮೇಲೆ ತುಪ್ಪ ಸುರಿಸಿದರು. ಉಂಡು ಉಳಿದದ್ದನ್ನು ಜಯಕರ ಕಟ್ಟಿಕೊಟ್ಟ. ಆ ಸಂಜೆ ಮನ್ಮಾಡ್ ಕಡೆಗೆ ಹೋದ ಬೋಗಿಯಲ್ಲಿ ಹೋಳಿಗೆ ಸಿಗದ ಪ್ರಯಾಣಿಕರೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ರಾಯರು ಮಾತ್ರ ಮರುದಿನವೆಲ್ಲ ಬರೀ ಮಜ್ಜಿಗೆ ಕುಡಿದರು.

ಮದುವೆ ಔರಂಗಾಬಾದಿನಲ್ಲಿ ಆಯಿತು. ಈ ಸಲ ರಾಯರು ಕಾರ್ಡುಗಳನ್ನು ಒಂದೊಂದಾಗಿ ಎಣಿಸಿ, ಓದಿ, ತಾವೇ ಅಂಟಿಸಿದರು. ಜೋಡಿ ಚಿಹ್ನೆಯ ಪ್ರತಾಪದಿಂದ ಒಬ್ಬರಿಗೆ ಒಂದೇ ಕಾರ್ಡು, ಒಂದೇ ಕುರ್ಚಿ. ಮನೋಜ ನಿಶ್ಚಿಂತೆಯಿಂದ ಒಂದೇ ಕಡೆ ಕೂತರು. ರಾಯರು ಎದೆಯುಬ್ಬಿಸಿಕೊಂಡು ಸಾಲಿನ ಉದ್ದಕ್ಕೂ ಓಡಾಡುತ್ತಿದ್ದರು.

ರೇಣವ್ವ ಬಂದರು. ತಮ್ಮ ಕಾರ್ಡು ಓದಿಸಿಕೊಂಡರು. ಆಮೇಲೆ ಆ ಪಕ್ಕ ನೋಡಿದರು, ಈ ಪಕ್ಕ ನೋಡಿದರು. ಕೂರಲಿಲ್ಲ.

"ಬೀಗರೆ, ಅವರ ಕುರ್ಚಿ ಎಲ್ಲಿ?"

ರಾಯರು ಅಳಿಯನ ಲ್ಯಾಪ್‌ಟಾಪ್ ಕಂಕುಳಲ್ಲಿ ಸಿಕ್ಕಿಸಿಕೊಂಡು, ರೇಷ್ಮೆ ಪಂಚೆ ಎತ್ತಿ ಕಟ್ಟಿ, ಬೀದಿಯ ತುದಿಯ ಝೆರಾಕ್ಸ್ ಅಂಗಡಿಗೆ ಓಡಿದರು. ಕುತೂಹಲ ತಡೆಯಲಾರದೆ ನಾನೂ ಹಿಂದೆಯೇ ಓಡಿದೆ. ಅವರು ರೇಣವ್ವನ ಒಂದೇ ಒಂದು ಹೆಸರಿಗೆ ಎರಡೂ ಕಡೆಯ ಚಿಹ್ನೆಗಳನ್ನು ಅಳಿಸಿದರು. ಮೂರು ಕಾರ್ಡು ಬಂದವು. ತಂದು ಅಂಟಿಸಿದರು.

ರೇಣವ್ವ ತಮ್ಮ ಕುರ್ಚಿಯಲ್ಲಿ ಕೂತರು. ಮುದ್ದಣ್ಣನವರ ಕುರ್ಚಿಯಲ್ಲಿ ರಾಯರು ಹೊಟ್ಟೆ ಸವರಿಕೊಳ್ಳುತ್ತ ತಾವಾಗಿಯೇ ಕೂತರು.

ಬರೀ 'ಹಂಚಿನಾಳ' ಎಂದು ಬರೆದ ಮೂರನೆಯ ಕುರ್ಚಿ ಉಳಿದಿತ್ತು. ಬಡಿಸುವ ಹುಡುಗನೊಬ್ಬ ಅದನ್ನು ಎತ್ತಿಕೊಂಡು ಹೋಗಲು ಬಂದ. ರೇಣವ್ವ ಕೋಲು ಅಡ್ಡ ಹಿಡಿದು, ಚೈತನ್ಯಾಳನ್ನು ಕೈಮಾಡಿ ಕರೆದು, ಅದರಲ್ಲಿ ಕೂಡಿಸಿದರು.